ಅಣ್ಣನ ಕಂಪ್ಯೂಟರಿನಲ್ಲಿ ನನ್ನ ಮದುವೆ

ನನ್ನ ಮದುವೆ ಎರಡು ಸಲ ನಡೆಯಿತು. ಗಾಬರಿಯಾಗಬೇಡಿ, ಹೆಂಡತಿ ಒಬ್ಬಳೇ. ಮೊದಲನೆಯ ಸಲ ನಡೆದದ್ದು 1992ರ ಮೇ ತಿಂಗಳಿನಲ್ಲಿ, ತೀರ್ಥಹಳ್ಳಿಯ ಒಂದು ಛತ್ರದಲ್ಲಿ, ಪುರೋಹಿತರ ಸಮ್ಮುಖದಲ್ಲಿ. ಎರಡನೆಯ ಸಲ ನಡೆದದ್ದು ಮೊನ್ನೆಯ ಮಳೆಗಾಲದಲ್ಲಿ, ನನ್ನ ಅಣ್ಣನ ಹಳೆಯ ಕಂಪ್ಯೂಟರಿನ ಮುಂದೆ. ನಿಜ ಹೇಳಬೇಕೆಂದರೆ ಮೊದಲನೆಯದಕ್ಕಿಂತ ಎರಡನೆಯದಕ್ಕೇ ಹೆಚ್ಚು ವಿಘ್ನಗಳು ಬಂದವು.

ಮದುವೆಯ ವಿಡಿಯೋ ಕ್ಯಾಸೆಟ್ಟು ಮೂವತ್ತು ವರ್ಷ ನಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿತ್ತು. ಅದನ್ನು ಹಾಕಿ ನೋಡುವ ಯಂತ್ರ ಮನೆಯಿಂದ ಎಂದೋ ಹೋಗಿತ್ತು. ಬೆಂಗಳೂರಿನಲ್ಲಿರುವ ಮಗ ಅದನ್ನೊಯ್ದು ಯಾವುದೋ ಸ್ಟುಡಿಯೋದಲ್ಲಿ ಕೊಟ್ಟು, ಅದರೊಳಗಿನ ಮೂರು ಗಂಟೆಯ ಮದುವೆಯನ್ನು ಬೆರಳುದ್ದದ ಪೆನ್ ಡ್ರೈವಿನಲ್ಲಿ ತುಂಬಿಸಿ ತಂದ. ನಾವು ಗಂಡ ಹೆಂಡತಿ ಅರ್ಧ ಗಂಟೆ ನೋಡಿ, ಆಗ ಎಷ್ಟು ತೆಳ್ಳಗಿದ್ದೆವು ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾದೆವು. ನೆನಪಾದದ್ದು ಅಣ್ಣ.

ಅತ್ತಿಗೆ ತೀರಿಕೊಂಡದ್ದು 2008ರಲ್ಲಿ. ಆಗಿನ್ನೂ ಎಲ್ಲರ ಕೈಯಲ್ಲೂ ಕ್ಯಾಮರಾ ಇರುವ ಫೋನು ಬಂದಿರಲಿಲ್ಲ. ಅಣ್ಣನ ಮನೆಯ ಗೋಡೆಯ ಮೇಲೆ ಅವರ ಒಂದು ಫೋಟೋ ಇದೆ, ಆಲ್ಬಮ್ಮಿನಲ್ಲಿ ನಾಲ್ಕಾರು ಇವೆ. ಅತ್ತಿಗೆ ನಡೆಯುವುದು, ನಗುವುದು, ಮಾತಾಡುವುದು ಎಲ್ಲಾದರೂ ಉಳಿದಿದ್ದರೆ ಅದು ನನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಅವತ್ತು ಇಡೀ ಮದುವೆಮನೆ ಅವರ ಕೈಯಲ್ಲಿತ್ತು.

ಶಿವಮೊಗ್ಗದಿಂದ ಅಣ್ಣನ ಮನೆಗೆ ತೀರ್ಥಹಳ್ಳಿಯ ತನಕ 60 ಚಿಲ್ಲರೆ ಕಿಲೋಮೀಟರು ಬಸ್ಸು, ಆಮೇಲೆ ಆಟೋ, ಕೊನೆಗೆ ತೋಟದ ಬದುವಿನ ಮೇಲೆ ನಡಿಗೆ. ಮಗನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅಣ್ಣ ನೋಡಿದ. ಏನೂ ಮಾತಾಡಲಿಲ್ಲ. ನಾನು ಹೊರಡುವಾಗ ಲ್ಯಾಪ್‌ಟಾಪು ಚೀಲಕ್ಕೆ ಸೇರುವುದನ್ನೇ ನೋಡುತ್ತಾ, "ನೀನು ಬಂದಾಗ ಮಾತ್ರ ಅವಳನ್ನು ನೋಡಬೇಕೇನೋ?" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪೆನ್ ಡ್ರೈವನ್ನು ಅವನ ಕಂಪ್ಯೂಟರಿಗೆ ಚುಚ್ಚಿದೆ. ಅದು 2004ರಲ್ಲಿ ಕೊಂಡದ್ದು: ಪೆಂಟಿಯಮ್ 4, ಹೊಟ್ಟೆ ಮುಂದೆ ಬಂದ ಮಾನಿಟರು, ಒಳಗೆ ವಿಂಡೋಸ್ ಎಕ್ಸ್‌ಪಿ. ಇಪ್ಪತ್ತು ವರ್ಷದ ಅಡಿಕೆ ಮಂಡಿಯ ಲೆಕ್ಕ, ಕೂಲಿಯ ಲೆಕ್ಕ ಎಲ್ಲ ಅದರಲ್ಲೇ ಇದೆ. ಮೊದಲ ನಾಲ್ಕು ವರ್ಷದ ಲೆಕ್ಕವನ್ನು ಅತ್ತಿಗೆ ಪುಸ್ತಕ ನೋಡಿ ಓದಿ ಹೇಳುತ್ತಿದ್ದರು, ಅಣ್ಣ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದ. ಆ ಯಂತ್ರ ನನ್ನ ಮದುವೆಯ ಕಡತವನ್ನು ಮೂಸಿ ನೋಡಿ, ಇದು ನನ್ನಿಂದ ಆಗದು ಎಂದು ಇಂಗ್ಲಿಷಿನಲ್ಲಿ ತಿಳಿಸಿತು.

ಫೋನಿನಲ್ಲಿ ಮಗ ನಕ್ಕ. "ಅಪ್ಪಾ, ವಿಎಲ್‌ಸಿ ಪ್ಲೇಯರ್ ಹಾಕಿದರೆ ಮುಗಿಯಿತು. ದುಡ್ಡೂ ಕೊಡಬೇಕಾಗಿಲ್ಲ." ಅಣ್ಣನಿಗೆ ಹೇಳಿದೆ. ಅವನು ಬಡಪೆಟ್ಟಿಗೆ ಒಪ್ಪುವ ಆಸಾಮಿಯಲ್ಲ. ಹಿಂದೊಮ್ಮೆ ಯಾರೋ ಹುಡುಗ ಹಾಡು ಕೇಳಲೆಂದು ಅದಕ್ಕೆ ಏನನ್ನೋ ಹಾಕಿ, ಮೂರು ತಿಂಗಳ ಲೆಕ್ಕ ಕಾಣೆಯಾಗಿ, ಅದನ್ನು ಮರಳಿ ಬರೆಯುವುದರಲ್ಲಿ ಅವನ ಒಂದು ಬೇಸಿಗೆಯೇ ಹೋಗಿತ್ತು. "ಅದಕ್ಕೆ ಹೊಸತೇನೂ ಹಾಕಕೂಡದು. ಅದರಲ್ಲಿ ಇರುವುದರಲ್ಲೇ ಆಗುವುದಾದರೆ ಮಾಡು, ಇಲ್ಲದಿದ್ದರೆ ಬೇಡ ಮಾರಾಯ" ಎಂದ. ಮೊದಲು ನನಗೆ ಸಿಟ್ಟೇ ಬಂತು. ಬಸ್ಸಿನಲ್ಲಿ ಕುಳಿತ ಮೇಲೆ, ಅವನು ಕೇಳಿದ್ದರಲ್ಲಿ ತಪ್ಪೇನಿದೆ ಎನಿಸಿತು. ನೆಂಟರು ಮನೆಗೆ ಬರುವಾಗ, ನಮಗಾಗಿ ಗೋಡೆ ಒಡೆಯಿರಿ ಎಂದು ಹೇಳುವುದುಂಟೆ?

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ನನ್ನ ಮೊದಲ ಪ್ರಯತ್ನ ನನ್ನ ವಿದ್ಯೆಗೆ ತಕ್ಕಂತೆಯೇ ಇತ್ತು. ಕಡತದ ಹೆಸರಿನ ಕೊನೆಯಲ್ಲಿ ಎಂಪಿ4 ಎಂದಿದ್ದದ್ದನ್ನು ಅಳಿಸಿ ಎಂಪಿಜಿ ಎಂದು ಬರೆದೆ. ಹಲಸಿನಕಾಯಿಗೆ ಮಾವಿನಕಾಯಿ ಎಂದು ಚೀಟಿ ಅಂಟಿಸಿದಂತಾಯಿತು. ಅಣ್ಣನ ಕಂಪ್ಯೂಟರು ಮೋಸಹೋಗಲಿಲ್ಲ.

ಎರಡನೆಯ ಸಲ, ಹಳೆಯ ಕಂಪ್ಯೂಟರುಗಳಿಗೆ ಎವಿಐ ಒಗ್ಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹಾಗೆ ಮಾಡಿಸಿಕೊಂಡು ಹೋದೆ. ಪರದೆ ಕಪ್ಪಗೇ ಇತ್ತು. ಆದರೆ ಸ್ಪೀಕರಿನಿಂದ ನಾಗಸ್ವರ ಕೇಳಿಸಿತು, ಜನರ ಗದ್ದಲ ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆಯ ದನಿ ಕೇಳಿಸಿತು. ಹದಿನಾರು ವರ್ಷದ ಹಿಂದೆ ಆ ಕೋಣೆಯಲ್ಲಿ ಕೂಲಿ ಲೆಕ್ಕ ಓದಿ ಹೇಳುತ್ತಿದ್ದ ದನಿ. ನಾನು ಗಡಿಬಿಡಿಯಿಂದ ನಿಲ್ಲಿಸಲು ಹೋದೆ. ಅಣ್ಣ ಕೈ ಅಡ್ಡ ಹಿಡಿದ. ಕಪ್ಪು ಪರದೆಯನ್ನು ನೋಡುತ್ತಾ ಇಬ್ಬರೂ ಮುಕ್ಕಾಲು ಗಂಟೆ ಕುಳಿತಿದ್ದೆವು. "ದನಿ ಬಂತಲ್ಲ" ಎಂದ. ನನಗೆ ಛಲ ಹುಟ್ಟಿದ್ದು ಆಗ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಎಂಪಿ4, ಎವಿಐ ಎಂಬುವೆಲ್ಲ ಬರೀ ಡಬ್ಬಗಳು. ಒಳಗೆ ಚಿತ್ರವನ್ನು ಯಾವ ರೀತಿಯಲ್ಲಿ ಮಡಚಿ ಇಟ್ಟಿದ್ದಾರೆ ಎಂಬುದೇ ಬೇರೆ ವಿಚಾರ. ಮಡಚುವ, ಬಿಡಿಸುವ ಆ ವಿದ್ಯೆಗೆ ಕೋಡೆಕ್ ಎಂದು ಹೆಸರು. ನನ್ನ ಮದುವೆಯನ್ನು ಸ್ಟುಡಿಯೋದವರು ಮಡಚಿದ್ದು ಎಚ್.264 ಎಂಬ ರೀತಿಯಲ್ಲಿ. ಅದು ಹುಟ್ಟಿದ್ದು 2003ರಲ್ಲಿ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ತನಗಿಂತ ಎರಡು ವರ್ಷ ಆಮೇಲೆ ಹುಟ್ಟಿದ ಭಾಷೆ ಅದಕ್ಕೆ ಅರ್ಥವಾಗದಿದ್ದರೆ ಅದು ಮೊದ್ದುತನವೇ? ವಿಂಡೋಸಿನೊಳಗೇ ಈ ವಿದ್ಯೆ ಸೇರಿಕೊಂಡದ್ದು 2009ರ ವಿಂಡೋಸ್ 7ರಲ್ಲಿ. ಡಿವಿಡಿಯಲ್ಲಿ ಬಳಸುವ ಎಂಪೆಗ್-2 ಆದರೂ ಆದೀತೆಂದು ಕೊಂಡುಹೋದೆ. ಅದನ್ನು ಬಿಡಿಸಲೂ ಎಕ್ಸ್‌ಪಿಗೆ ಪ್ರತ್ಯೇಕ ತಂತ್ರಾಂಶ ಬೇಕು. ಮೂರನೆಯ ಪ್ರಯಾಣವೂ ವ್ಯರ್ಥ.

ಕೊನೆಗೆ ಕೈ ಹಿಡಿದದ್ದು ನಮ್ಮ ವಿಸಿಡಿ. ನಿಮಗೆ ನೆನಪಿರಬಹುದು, ಒಂದು ಸಿನೆಮಾಕ್ಕೆ ಎರಡು ಮೂರು ತಟ್ಟೆಗಳು, ಹೊಡೆದಾಟದ ನಡುವೆ ಒಂದು ತಟ್ಟೆ ಮುಗಿದು, ಖಳನಾಯಕನ ಕೈ ಮೇಲೆತ್ತಿದಲ್ಲಿಯೇ ನಿಂತಿರುತ್ತಿತ್ತು. ಅದರೊಳಗಿದ್ದದ್ದು ಎಂಪೆಗ್-1, 1993ರ ವಿದ್ಯೆ. ಎಕ್ಸ್‌ಪಿಯ ಮೀಡಿಯಾ ಪ್ಲೇಯರಿಗೆ ಅದು ಹುಟ್ಟುಗುಣ, ಏನನ್ನೂ ಸೇರಿಸಬೇಕಾಗಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರಾನ್ಸಿನ ಮಹಾಶಯ 2000ದಲ್ಲಿ ಶುರುಮಾಡಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ನನ್ನ ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡೆ. ಅದಕ್ಕೆ 'ಪಾಲ್ ವಿಸಿಡಿ' ಎಂದು ಗುರಿ ಹೇಳಿದರೆ ಸಾಕು, ಮಿಕ್ಕ ಅಳತೆಗಳನ್ನು ಅದೇ ಹಾಕಿಕೊಳ್ಳುತ್ತದೆ: ಅಗಲಕ್ಕೆ 352 ಚುಕ್ಕಿ, ಎತ್ತರಕ್ಕೆ 288, ಸೆಕೆಂಡಿಗೆ 25 ಚಿತ್ರ. ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 10 ಎಂಬಿ, ಮೂರು ಗಂಟೆಗೆ 2 ಜಿಬಿಯ ಒಳಗೆ. ಪರಿವರ್ತನೆಯ ಕೆಲಸವೆಲ್ಲ ನನ್ನ ಮನೆಯಲ್ಲಿ. ಅಣ್ಣನ ಯಂತ್ರಕ್ಕೆ ಹೋಗುವುದು ಸಿದ್ಧ ಅಡಿಗೆ ಮಾತ್ರ.

ಚಿತ್ರ ಕೆಟ್ಟೀತಲ್ಲ ಎಂಬ ಅಳುಕು ನನಗೂ ಇತ್ತು. ಸ್ಟುಡಿಯೋದವರು ಕೊಟ್ಟದ್ದು 1920ಕ್ಕೆ 1080 ಚುಕ್ಕಿಯ ಭಾರೀ ಚಿತ್ರ. ಆದರೆ ಅಂಥ ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ಸಿಗುವ ವಿವರವೇ ಸುಮಾರು 240 ಗೆರೆಯಷ್ಟು. ಮಿಕ್ಕದ್ದೆಲ್ಲ ಅವರು ಹಿಗ್ಗಿಸಿ ತುಂಬಿದ್ದು. ಪಾಯಸಕ್ಕೆ ನೀರು ಬೆರೆಸಿ ದೊಡ್ಡ ಕೊಳದಪ್ಪಲೆಯಲ್ಲಿ ಕೊಟ್ಟ ಹಾಗೆ. ಅದನ್ನು ಮತ್ತೆ ಸಣ್ಣ ಪಾತ್ರೆಗೆ ಇಳಿಸಿದರೆ ಹೋಗುವುದು ಸ್ವಲ್ಪವೇ.

ನಾಲ್ಕನೆಯ ಸಲ ಹೋದಾಗ ಚಿತ್ರ ಓಡಿತು. ಓಲಗದವರು ಬಂದರು, ಪುರೋಹಿತರು ಬಂದರು, ಬಾಸಿಂಗದ ಭಾರಕ್ಕೆ ಕತ್ತು ಬಾಗಿಸಿಕೊಂಡು ನಾನೂ ಬಂದೆ. ಗೆದ್ದೆ ಎಂದುಕೊಂಡು ಅಣ್ಣನ ಮುಖ ನೋಡಿದೆ. ಅವನು ಹುಬ್ಬು ಗಂಟಿಕ್ಕಿಕೊಂಡಿದ್ದ. "ಇವಳ ಮುಖ ಹೀಗಿರಲಿಲ್ಲ" ಎಂದ.

ನಿಜ. ಲ್ಯಾಪ್‌ಟಾಪಿನಲ್ಲಿ ನಾವಾರೂ ಗಮನಿಸಿರಲಿಲ್ಲ. ಹಳೆಯ ಟಿವಿಯ 4ಕ್ಕೆ 3ರ ಚೌಕದಲ್ಲಿದ್ದ ಮದುವೆಯನ್ನು ಸ್ಟುಡಿಯೋದವರು ಈಗಿನ 16ಕ್ಕೆ 9ರ ಅಗಲಕ್ಕೆ ಎಳೆದುಬಿಟ್ಟಿದ್ದರು. ನಾನು ಆ ಅಗಲವನ್ನೇ ಉಳಿಸಿಕೊಂಡು ಪರಿವರ್ತಿಸಿದ್ದೆ. ಎಲ್ಲರ ಮುಖವೂ ಅಡ್ಡಡ್ಡಕ್ಕೆ ಮೂರನೆಯ ಒಂದರಷ್ಟು ಬೆಳೆದಿತ್ತು. ನಮ್ಮ ಮುಖಗಳನ್ನು ಕನ್ನಡಿಯಲ್ಲಿ ದಿನವೂ ನೋಡುವ ನಾವು, ದಪ್ಪಗಿದ್ದೇವೆಯೇ ತೆಳ್ಳಗಿದ್ದೇವೆಯೇ ಎಂದು ನಗುತ್ತಾ ಕುಳಿತೆವು. ಹದಿನಾರು ವರ್ಷ ನೋಡದಿದ್ದವನು ಒಂದೇ ನೋಟಕ್ಕೆ ಅಳತೆ ತಪ್ಪಿದ್ದನ್ನು ಹಿಡಿದ.

ಮನೆಗೆ ಬಂದು ಅಗಲವನ್ನು ಮತ್ತೆ 4ಕ್ಕೆ 3ಕ್ಕೆ ಒತ್ತಿ ತಂದು, ಇನ್ನೊಮ್ಮೆ ಪರಿವರ್ತಿಸಿದೆ. ಐದನೆಯ ಪ್ರಯಾಣ ನೂಲಹುಣ್ಣಿಮೆಯ ಮಾರನೆಯ ದಿನ. ಅಣ್ಣ ಕನ್ನಡಕ ಒರೆಸಿಕೊಂಡು ಕುಳಿತ. ಊಟದ ಮನೆಯ ದೃಶ್ಯ ಬಂತು. ವಿಡಿಯೋದವನ ದೀಪ ಮುಖದ ಮೇಲೆ ಬಿದ್ದೊಡನೆ ಅತ್ತಿಗೆ ಸೆರಗು ಅಡ್ಡ ಹಿಡಿದು, "ನನ್ನನ್ನೆಂಥ ತೆಗೆಯುವುದು, ಹೆಣ್ಣಿನ ಕಡೆಯವರನ್ನು ತೆಗೀರಿ" ಎಂದರು. ಆಮೇಲೆ ಸೆರಗು ಸರಿಸಿ, ಚಿತ್ರದಲ್ಲಿ ಕಾಣದ ಯಾರ ಕಡೆಗೋ ತಿರುಗಿ, "ಇವ್ರೇ, ಎರಡನೇ ಪಂಕ್ತಿಗಾದ್ರೂ ಕೂತ್ಕೊಳ್ಳಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು" ಎಂದರು.

ಅಣ್ಣ ಅಲ್ಲಿಗೆ ನಿಲ್ಲಿಸಿದ. ಹಿಂದಕ್ಕೆ ಹೋಗುವುದು ಹೇಗೆಂದು ಕೇಳಿದ. ತೋರಿಸಿದೆ. ತಾನೇ ಒತ್ತಿ ಕಲಿತ. ನಾನು ಎದ್ದು ಜಗುಲಿಗೆ ಬಂದು ಮಳೆ ನೋಡುತ್ತಾ ಕುಳಿತೆ. ಒಳಗಿನಿಂದ ಆ ಮಾತು ಮತ್ತೆ ಕೇಳಿಸಿತು, ಇನ್ನೊಮ್ಮೆ ಕೇಳಿಸಿತು.

ಮೊನ್ನೆ ಫೋನಿನಲ್ಲಿ, "ಚಿತ್ರ ಸ್ವಲ್ಪ ಮಂಜುಮಂಜಾಗಿದೆ ಅಲ್ಲವೇ ಅಣ್ಣಾ, ಇನ್ನೂ ಒಳ್ಳೆಯ ಪ್ರತಿಯೊಂದನ್ನು ಮಾಡಿ ತರಲೇ?" ಎಂದು ಕೇಳಿದೆ.

"ಬೇಡ" ಎಂದ. "ಇದು ಓಡ್ತದೆ."