ಮುಂಡಾಜೆಯಲ್ಲಿ ಒಂದು ಮಂಡಲ

ಮಂಗಳೂರಿನಿಂದ ಬಂಟವಾಳ, ಬೆಳ್ತಂಗಡಿ, ಉಜಿರೆಗಳ ಮಾರ್ಗವಾಗಿ ಚಾರ್ಮಾಡಿ ಘಟ್ಟಕ್ಕೆ ಹೋಗುವ ಹೆದ್ದಾರಿಯಲ್ಲಿ, ಘಟ್ಟದ ಬುಡವು ಇನ್ನೂ ಕೆಲವು ಮೈಲು ದೂರವಿರುವಾಗಲೇ ಮುಂಡಾಜೆಯೆಂಬ ಗ್ರಾಮವು ಸಿಕ್ಕುವುದು. ಸೋಮಂತಡ್ಕದಲ್ಲಿ ಬಸ್ಸಿನಿಂದಿಳಿದು ನೋಡಿದರೆ ಊರು ಕಾಣದು. ಅಡಕೆಯ ತೋಟಗಳು ಮಾತ್ರ ಕಾಣುವುವು. ತೋಟದ ಕಾಲುದಾರಿಯಲ್ಲಿ ನಡೆದ ಮೇಲೆಯೇ ಒಂದೊಂದಾಗಿ ಮನೆಗಳು ತಲೆದೋರುವುವು. ಹಿಂದೆ ಕೊಂಕಣದಿಂದ ಬಂದು ನೆಲಸಿದ ಚಿತ್ಪಾವನರ ಮನೆಗಳು ಇಲ್ಲಿ ಹಲವುಂಟು. ಅವರ ಮನೆಮಾತು ಚಿತ್ಪಾವನಿ, ಪೇಟೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಪೂರ್ವದಲ್ಲಿ ಸಹ್ಯಾದ್ರಿಯು ಗೋಡೆಯಂತೆ ನಿಂತಿದೆ. ಆ ಕಡೆಯಿಂದ ಇಳಿದು ಬರುವ ಮೃತ್ಯುಂಜಯಾ ನದಿಯು ಮುಂದೆ ನೇತ್ರಾವತಿಯನ್ನು ಕೂಡುವುದು. ೨೦೧೯ನೆಯ ಇಸವಿಯ ಆಗಸ್ಟಿನಲ್ಲಿ ಈ ನದಿಯೇ ಉಕ್ಕಿ ಚಾರ್ಮಾಡಿಯ ಕಡೆಯ ತೋಟಗಳ ಮೇಲೆ ಮರಳನ್ನೂ ದಿಮ್ಮಿಗಳನ್ನೂ ಹೇರಿ ಹೋಯಿತು. ನಾನು ಹೋದಾಗ ಮೊಣಕಾಲಿನಷ್ಟು ನೀರು ಶಾಂತವಾಗಿ ಹರಿಯುತ್ತಲಿತ್ತು. ಕಣ್ಣಿನ ರೋಗಿಯಾಗಿ ಹೋದವನಿಗೆ ಇವೆರಡು ನದಿಗಳ ಹೆಸರುಗಳೇ ಶುಭಶಕುನವಾಗಿ ತೋರಿದುವು.

ಕಳೆದ ಮಾಘಮಾಸದಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆಯನ್ನು ತೆಗೆದು ಮಸೂರವನ್ನು ಇಟ್ಟರು. ಹನ್ನೆರಡು ವರ್ಷಗಳಿಂದ ನಾನು ಮಧುಮೇಹಿ. ಒಂದು ವರ್ಷದಿಂದ ದೇವನಾಗರಿಯ ಸಂಯುಕ್ತಾಕ್ಷರಗಳು ಒಂದರೊಳಗೊಂದು ಕರಗುತ್ತಿದ್ದುವು, ವಯೋಧರ್ಮವೆಂದು ಸುಮ್ಮನಿದ್ದೆನು. ವೈದ್ಯರು ಹನಿ ಹಾಕಿ ಪಾಪೆಯನ್ನು ಅಗಲಿಸಿ ನೋಡಿದಾಗ, ಪೊರೆಯ ಹಿಂದೆ ಬೇರೊಂದು ಸಂಗತಿ ಹೊರಬಿತ್ತು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಿದ್ದರೆ ಅಕ್ಷಿಪಟಲದ ಕೂದಲೆಳೆಯಂತಹ ರಕ್ತನಾಳಗಳು ಸಡಿಲವಾಗಿ ಸೋರುವುವು. ಇದರಲ್ಲಿ ನೋವಿಲ್ಲ; ಮೊದಮೊದಲು ದೃಷ್ಟಿಯೂ ಕುಂದದು. ಆದುದರಿಂದಲೇ ರೋಗವು ಗೊತ್ತಾದ ವರ್ಷದಿಂದ ಮೊದಲ್ಗೊಂಡು ವರ್ಷಕ್ಕೊಮ್ಮೆ ಪಾಪೆಯನ್ನು ಅಗಲಿಸಿ ನೋಡಿಸತಕ್ಕದ್ದು. ಮೂವತ್ತು ವರ್ಷ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ನಾನು ನನ್ನ ಕಣ್ಣನ್ನು ಒಮ್ಮೆಯೂ ಪರೀಕ್ಷೆಗೆ ಕೂರಿಸಿರಲಿಲ್ಲ.

ಶಸ್ತ್ರಚಿಕಿತ್ಸೆಯ ತರುವಾಯ ಮುಂಡಾಜೆಯಲ್ಲಿರುವ ತಂಗಿಯು, "ಒಂದು ಮಂಡಲ ನನ್ನ ಮನೆಯಲ್ಲಿರು, ಕಣ್ಣಿಗೂ ಆಯಿತು, ಬಾಯಿಗೂ ಆಯಿತು" ಎಂದು ಕರೆದೊಯ್ದಳು. ಬಾಯಿಗೆ ಆಗುವುದೆಂದರೆ ಉಪಚಾರವೆಂದು ನಾನು ತಿಳಿದಿದ್ದೆನು. ಅವಳ ಮನಸ್ಸಿನಲ್ಲಿದ್ದುದು ಶಾಸನ.

ಬಾಳೆಲೆಯ ಅರ್ಧಭಾಗ ಪಲ್ಯಕ್ಕೆ, ಕಾಲುಭಾಗ ಬೇಳೆಕಾಳಿಗೆ, ಉಳಿದ ಕಾಲುಭಾಗ ಮಾತ್ರ ಅನ್ನಕ್ಕೆ. ಗುಜ್ಜೆಯ ಪಲ್ಯ, ಬಾಳೆದಿಂಡು, ಹರಿವೆ, ಅಲಸಂಡೆ, ಒಂದೆಲಗದ ತಂಬುಳಿ, ಹುರುಳಿಯ ಸಾರು ಇವುಗಳಿಗೆ ಕೊರತೆಯಿರಲಿಲ್ಲ. ಎಳೆಯ ಗುಜ್ಜೆಯಲ್ಲಿ ನಾರು ಹೆಚ್ಚು, ಸಿಹಿ ಕಡಿಮೆ. ಅದೇ ಹಲಸು ಹಣ್ಣಾದರೆ ನಮ್ಮಂಥವರಿಗೆ ಎರಡು ತೊಳೆಯೇ ಸಾಕು. ಕುಚ್ಚಲಕ್ಕಿಯಾದರೆ ಎಷ್ಟುಂಡರೂ ಬಾಧಕವಿಲ್ಲವೆಂಬುದು ನಮ್ಮ ಸೀಮೆಯ ನಂಬಿಕೆ. ತೌಡುಳ್ಳ ಕುಚ್ಚಲಕ್ಕಿಯು ಬೆಳ್ತಿಗೆಗಿಂತ ನಿಧಾನವಾಗಿ ಜೀರ್ಣವಾಗುವುದು ನಿಜ; ಆದರೂ ಅದು ಅನ್ನವೇ. ಮೆತ್ತಗೆ ಬೇಯಿಸಿದ ಗಂಜಿಯಾದರೆ ಸಕ್ಕರೆಯನ್ನು ಬೇಗನೆ ಏರಿಸುವುದು. ಬೆಲ್ಲವೂ ಹಾಗೆಯೇ, ಸಕ್ಕರೆಯ ಬದಲು ಬೆಲ್ಲ ತಿನ್ನುವವನು ಬಣ್ಣವನ್ನು ಬದಲಿಸಿದನೇ ಹೊರತು ಪದಾರ್ಥವನ್ನಲ್ಲ. ಮಧುಮೇಹಕ್ಕೆ ಒಳ್ಳೆಯದೆಂದು ಹಾಗಲಕಾಯಿಯ ಮೆಣಸ್ಕಾಯಿಯನ್ನು ಮಾಡಿ, ಕಹಿಯಾಯಿತೆಂದು ಅದಕ್ಕೆ ಬೆಲ್ಲದ ಅಚ್ಚನ್ನು ಹಾಕುವ ಜಾಣ್ಮೆಯು ನಮ್ಮ ಮನೆಗಳಲ್ಲಿ ಉಂಟಷ್ಟೆ!

ವಾದಕ್ಕೆ ತೀರ್ಪು ಕೊಡಲು ಒಂದು ಚಿಕ್ಕ ಮಾಪಕಯಂತ್ರವಿತ್ತು. ಮೂರು ನೀರುದೋಸೆ ತಿಂದ ದಿನ ಎರಡು ಗಂಟೆಗಳ ಮೇಲೆ ಅದು ೨೩೦ ಎಂದು ತೋರಿಸಿತು; ಒಂದು ದೋಸೆಯನ್ನು ಕಡಲೆಯ ಉಸಲಿಯೊಡನೆ ತಿಂದ ದಿನ ೧೬೦. ಅಲ್ಲಿಗೆ ನನ್ನ ತರ್ಕಶಾಸ್ತ್ರವು ಮುಗಿಯಿತು.

ಪ್ರಾಚೀನರಿಗೆ ಈ ರೋಗವು ಅಪರಿಚಿತವಲ್ಲ. ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಸುಶ್ರುತಸಂಹಿತೆಯು ಪ್ರಮೇಹವನ್ನು ಎರಡಾಗಿ ವಿಭಾಗಿಸಿ, ಮೊದಲನೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳುವುದು. ಮೊದಲನೆಯ ಬಗೆಯವರನ್ನು ಉಳಿಸುವ ಮದ್ದು ಲೋಕಕ್ಕೆ ದೊರೆತುದು ಬಹಳ ಈಚೆಗೆ: ೧೯೨೨ನೆಯ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನನ್ನು ಮೊದಲ ಬಾರಿಗೆ ಚುಚ್ಚಿದರು. ಎರಡನೆಯ ಬಗೆಯವರಿಗೆ ಸುಶ್ರುತನ ಮಾತು ಇಂದಿಗೂ ಹಳತಾಗಿಲ್ಲ. ಧನವಿಲ್ಲದ ರೋಗಿಯು ಕೊಡೆಯೂ ಪಾದರಕ್ಷೆಯೂ ಇಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೆ ಬಾವಿಯನ್ನು ತೋಡಲಿ ಎಂಬುದು ಅವನ ವಿಧಿ. ನಾನು ಪ್ರಾತಃಕಾಲದಲ್ಲಿ ಹೊಳೆಯವರೆಗೆ ನಡೆಯುತ್ತಿದ್ದೆನು. ಆದರೆ ಒಂದು ವಿಷಯದಲ್ಲಿ ಆಚಾರ್ಯನನ್ನು ಮೀರಲೇಬೇಕು. ಮಧುಮೇಹಿಯ ಪಾದಗಳಿಗೆ ಕ್ರಮೇಣ ಸ್ಪರ್ಶಜ್ಞಾನವು ತಗ್ಗುವುದು; ತೋಟದ ಮುಳ್ಳು ಚುಚ್ಚಿದರೂ ತಿಳಿಯದು, ಗಾಯವು ಕೊಳೆತ ಮೇಲೆಯೇ ತಿಳಿಯುವುದು. ಆದುದರಿಂದ ಪಾದರಕ್ಷೆಯನ್ನು ಬಿಡದೆ ಧರಿಸಿ, ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಸಿಕೊಳ್ಳತಕ್ಕದ್ದು.

ಶಾಸ್ತ್ರಾಭಿಮಾನವು ನನಗೆ ಇನ್ನೊಂದು ಪಾಠವನ್ನೂ ಕಲಿಸಿತು. ಏಕಾದಶಿಯ ದಿನ ತಂಗಿಗೆ ತಿಳಿಸದೆ ಉಪವಾಸ ಮಾಡಿದೆನು. ಗುಳಿಗೆಯನ್ನು ಮಾತ್ರ ಅಭ್ಯಾಸಬಲದಿಂದ ನುಂಗಿದ್ದೆನು. ಹೊಳೆಯ ದಾರಿಯಲ್ಲಿ ಮೈ ಬೆವತು ಕೈ ನಡುಗಿ ಕಣ್ಣು ಕತ್ತಲೆಗಟ್ಟಿತು. ಕಟ್ಟಪುಣಿಯ ಮೇಲೆ ಕುಸಿದು ಕುಳಿತವನನ್ನು ತೋಟದ ಆಳೊಬ್ಬನು ಕಂಡು ಮನೆಗೆ ಕೂಗಿಕೊಂಡನು. ತಂಗಿಯು ಓಡಿಬಂದು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು, ಕಾಲುಗಂಟೆಯಲ್ಲಿ ಚೇತರಿಸಿಕೊಂಡೆನು. "ರೋಗಿಗೆ ಉಪವಾಸವಿಲ್ಲವೆಂಬ ಶಾಸ್ತ್ರವನ್ನು ನೀನೇ ನನಗೆ ಹೇಳಿಕೊಟ್ಟವನು" ಎಂದಷ್ಟೇ ಅಂದು ಒಳಗೆ ಹೋದಳು. ಅವಳ ಕೈ ನನ್ನ ಕೈಗಿಂತಲೂ ಹೆಚ್ಚಾಗಿ ನಡುಗುತ್ತಿದ್ದುದನ್ನು ಕಂಡೆನು. ಅಂದಿನಿಂದ ನನ್ನ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವು ತಪ್ಪಿಲ್ಲ.

ಕಣ್ಣಿನ ಆರೈಕೆಗೆ ಹಳ್ಳಿಯ ಮನೆಯಲ್ಲಿ ಶತ್ರುಗಳು ಅನೇಕ. ಅಂಗಳದಲ್ಲಿ ಒಣಗಿದ ಅಡಕೆಯನ್ನು ಸುಲಿಯುವಾಗ ಏಳುವ ಧೂಳು, ಬಚ್ಚಲೊಲೆಯ ಹೊಗೆ, ಹೊಳೆಯ ಸ್ನಾನದ ಆಸೆ ಇವೆಲ್ಲವುಗಳಿಂದ ದೂರವಿರಬೇಕಾಯಿತು. ಕತ್ತಿನ ಕೆಳಗೆ ಮಾತ್ರ ಸ್ನಾನ. ಮುಖವನ್ನು ಒದ್ದೆಬಟ್ಟೆಯಿಂದ ಒರಸುವುದು. ಕೈಯನ್ನು ಸಾಬೂನಿನಿಂದ ತೊಳೆದ ಮೇಲೆಯೇ ಹನಿಮದ್ದು. ಎರಡು ಮದ್ದುಗಳಿದ್ದರೆ ನಡುವೆ ಐದು ನಿಮಿಷದ ವಿರಾಮ. ಮೊದಲ ವಾರ ಮಲಗುವಾಗ ಕಣ್ಣಿಗೆ ಕವಚ. ಕಣ್ಣನ್ನು ಉಜ್ಜಬಾರದು, ಭಾರವನ್ನು ಎತ್ತಬಾರದು. ಎದೆಹಾಲನ್ನೋ ಜೇನನ್ನೋ ಬಿಡಿರೆಂದು ಹೇಳುವ ನೆರೆಯವರಿಗೆ ನಮಸ್ಕರಿಸಿ ಸುಮ್ಮನಿರುವುದು. ನೋವು, ಕೆಂಪು, ದೃಷ್ಟಿಯ ಇಳಿತ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಕ್ಕರೆಯು ಹತೋಟಿಯಲ್ಲಿಲ್ಲದವನಿಗೆ ಸೋಂಕಿನ ಭಯವು ಹೆಚ್ಚು.

ಮಂಡಲವು ಮುಗಿದು ಮಂಗಳೂರಿಗೆ ಹೋದಾಗ ವೈದ್ಯರು ಕನ್ನಡಕವನ್ನು ಬರೆದುಕೊಟ್ಟರು. ಅಕ್ಷರಗಳು ಮತ್ತೆ ಬಿಡಿಬಿಡಿಯಾಗಿ ನಿಂತುವು. ಜಗಲಿಯಿಂದ ಘಟ್ಟದ ಮೇಲಣ ಮರಗಳನ್ನು ಎಣಿಸಬಲ್ಲೆನು. ಆದರೆ ಓದುವ ಪಂಕ್ತಿಯ ನಡುವೆ ಒಂದಕ್ಷರದಷ್ಟು ಮಸುಕು ಉಳಿದಿದೆ. ಅದು ಪೊರೆಯದಲ್ಲ, ಹಿಂದಣ ಪಟಲದ್ದು. ಲೇಸರಿನಿಂದಲೂ ಚುಚ್ಚುಮದ್ದಿನಿಂದಲೂ ಉಳಿದ ದೃಷ್ಟಿಯನ್ನು ಕಾಪಾಡಬಹುದು. ಹೋದುದೆಲ್ಲವೂ ಮರಳುವುದೆಂಬ ಭರವಸೆಯಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ವಾಚಕರ ಮನೆಗಳಲ್ಲಿ ಮಧುಮೇಹಿಗಳಿದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಅದನ್ನು ತೋರಿಸಿಕೊಂಡು ಬರಲಿ. ಆ ಒಂದಕ್ಷರದ ಮಸುಕು ಇಷ್ಟನ್ನು ನನ್ನಿಂದ ಬರೆಯಿಸಿತು.