ಮುಖ ಮುಖವಾಗಿಯೇ ಉಳಿಯುವ ಟಚ್‌ಅಪ್

ಭಾವಚಿತ್ರದ ಟಚ್‌ಅಪ್ ಕಂಪ್ಯೂಟರಿಗಿಂತ ಬಹಳ ಹಳೆಯ ಕೆಲಸ. ಗಾಜಿನ ಪ್ಲೇಟು, ಫಿಲ್ಮುಗಳ ಕಾಲದಲ್ಲಿ ನೆಗೆಟಿವ್‌ಗೆ ತೆಳುವಾಗಿ ವಾರ್ನಿಶ್ ಸವರಿ, ಸೂಜಿಮೊನೆಯಂತೆ ಹೆರೆದ ಪೆನ್ಸಿಲ್‌ನಿಂದ ಸುಕ್ಕಿನ ಗೆರೆಗಳನ್ನು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ತಿಳಿಯಾಗಿರುವ ಗೆರೆ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಅಲ್ಲಿ ಸೀಸ ಕೂತಷ್ಟೂ ಆ ಕಪ್ಪು ಇಳಿಯುತ್ತದೆ. 1990ರಲ್ಲಿ ಬಂದ ಫೋಟೊಶಾಪ್ ಈ ಕೈಕೆಲಸವನ್ನು ಪರದೆಗೆ ತಂದಿತು. 2002ರ 7.0 ಆವೃತ್ತಿಯಲ್ಲಿ ಹೀಲಿಂಗ್ ಬ್ರಷ್ ಸೇರಿತು.

ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲ ತೀರ್ಮಾನ. ವಾರದಲ್ಲಿ ಮಾಯುವುದನ್ನು ತೆಗೆಯಬಹುದು: ಮೊಡವೆ, ಕ್ಷೌರದ ಗಾಯ, ಬೆವರಿನ ಹೊಳಪು, ಹಣೆಗೆ ಅಂಟಿದ ಧೂಳು. ಮಚ್ಚೆ, ಹಳೆಯ ಗಾಯದ ಗುರುತು, ಅಜ್ಜಿಯ ಗದ್ದದ ಹಚ್ಚೆ, ನತ್ತಿನ ಭಾರಕ್ಕೆ ಜೋತ ಮೂಗಿನ ತೂತು ಮುಖಕ್ಕೇ ಸೇರಿದವು. ಅವನ್ನು ಅಳಿಸಿದರೆ ಸ್ವಂತ ಮಕ್ಕಳೇ ಗುರುತು ಹಿಡಿಯಲು ತಡವರಿಸುತ್ತಾರೆ.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಮುಖಗಳಿಗೆ ತಮ್ಮದೇ ಬೆಳಕಿನ ಲೆಕ್ಕವಿದೆ. ಎರೆಹೊಲದ ಬಿಸಿಲಿಗೆ ಕೆನ್ನೆ ಕಪ್ಪಾಗಿದ್ದರೆ, ರುಮಾಲಿನ ಅಡಿಯ ಹಣೆ ತುಸು ತಿಳಿಯಾಗಿರುತ್ತದೆ. ಬಿಳಿ ರುಮಾಲು, ಬಿಳಿ ಅಂಗಿ ಕಂಡ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಗ್ಗಿಸಿಕೊಂಡು ಮುಖವನ್ನು ಕತ್ತಲಾಗಿಸುತ್ತದೆ. ಆಗ ಕರ್ವ್ಸ್ ಬಳಸಿ ಮುಖದ ಮೇಲಷ್ಟೇ ಬೆಳಕು ಏರಿಸಬೇಕು. ಬಣ್ಣ ಬದಲಿಸುವ ಅಗತ್ಯವಿಲ್ಲ. ಕೆಂಪು ಸೆರಗಿನ ಪ್ರತಿಫಲನ ಗದ್ದದ ಕೆಳಗೆ ಬಿದ್ದಿದ್ದರೆ ಅಷ್ಟು ಜಾಗದ ಕೆಂಪನ್ನು ಇಳಿಸಿದರೆ ಸಾಕು. ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎಂಬ ಬೇಡಿಕೆ, ಅದರಲ್ಲೂ ಹೆಣ್ಣು ನೋಡುವ ಫೋಟೊಗಳಿಗೆ, ಸಾಮಾನ್ಯ. ಅದಕ್ಕೆ ಒಳ್ಳೆಯ ಉತ್ತರ ಬೆಳಕನ್ನು ಸರಿಪಡಿಸುವುದು. ಮೈಬಣ್ಣವನ್ನೇ ತಿದ್ದಿದರೆ ಮುಖ ಒಂದು ಬಣ್ಣ, ಕತ್ತು–ಕೈ ಇನ್ನೊಂದು ಬಣ್ಣವಾಗಿ ಚಿತ್ರ ಕೆಡುತ್ತದೆ.

ಕಲೆ ತೆಗೆಯಲು ಮೂಲ ಚಿತ್ರದ ಮೇಲೆ ಖಾಲಿ ಲೇಯರ್ ಹಾಕಿ ಅದರಲ್ಲೇ ಹೀಲಿಂಗ್ ಬ್ರಷ್ ಆಡಿಸಬೇಕು. ಕ್ಲೋನ್ ಸ್ಟ್ಯಾಂಪ್ ಒಂದು ಕಡೆಯ ಚರ್ಮವನ್ನು ಹಾಗೆಯೇ ತಂದು ಅಂಟಿಸಿದರೆ, ಹೀಲಿಂಗ್ ಬ್ರಷ್ ಚರ್ಮದ ನವಿರನ್ನು ಮಾತ್ರ ತಂದು, ಬಣ್ಣ ಮತ್ತು ಬೆಳಕನ್ನು ಸುತ್ತಲಿನ ಜಾಗದಿಂದ ಪಡೆಯುತ್ತದೆ. ಬ್ರಷ್ ಕಲೆಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ಮುಖಕ್ಕೆಲ್ಲ ಬ್ಲರ್ ಹಾಕುವುದು ಈ ಕೆಲಸದ ಅತಿ ಕೆಟ್ಟ ಅಭ್ಯಾಸ. ರಂಧ್ರಗಳೆಲ್ಲ ಅಳಿಸಿಹೋಗಿ ಚರ್ಮ ಪ್ಲಾಸ್ಟಿಕ್ಕಿನಂತಾಗುತ್ತದೆ.

ಸುಕ್ಕಿಗೆ ಬೇರೆ ದಾರಿ. ಶೇ 50 ಬೂದು ಬಣ್ಣದ ಲೇಯರನ್ನು ಸಾಫ್ಟ್ ಲೈಟ್‌ನಲ್ಲಿಟ್ಟು, ಫ್ಲೋ ತೀರ ಕಡಿಮೆ ಮಾಡಿ, ಗೆರೆಯ ನೆರಳಿನ ಮೇಲೆ ಬಿಳಿ ಬಣ್ಣ ಎಳೆಯುತ್ತ ಬಂದರೆ ಗೆರೆ ಉಳಿದು ಆಳವಷ್ಟೇ ತಗ್ಗುತ್ತದೆ. ಹಳಬರ ಪೆನ್ಸಿಲ್ ಮಾಡುತ್ತಿದ್ದುದೂ ಇದನ್ನೇ. ಎಲೆ–ಅಡಿಕೆಯ ಹಲ್ಲಿಗೆ ಕಂದು ಬಣ್ಣ ಅರ್ಧ ಇಳಿಸಿದರೆ ಸಾಕು. ಕಣ್ಣಿನ ಬಿಳಿಯನ್ನು ಸುಣ್ಣದಷ್ಟು ಬೆಳ್ಳಗೆ ಮಾಡಬಾರದು.

ಎಲ್ಲಕ್ಕಿಂತ ಕಷ್ಟದ್ದು ತೀರಿಕೊಂಡವರ ಫೋಟೊ. ಮನೆಯವರು ತರುವುದು ಸಾಮಾನ್ಯವಾಗಿ ಗುರುತಿನ ಚೀಟಿಯದ್ದೊಂದು ಚಿಕ್ಕ ಮುಖ, ಇಲ್ಲವೇ ಮದುವೆಯ ಗುಂಪಿನ ಹಿಂದಿನ ಸಾಲಿನದ್ದು. ಮೂಲ ಪ್ರಿಂಟ್ ಇದ್ದರೆ ಅದನ್ನೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಮೊಬೈಲಿನಲ್ಲಿ ಮರುಚಿತ್ರ ತೆಗೆದರೆ ಇದ್ದ ವಿವರವೂ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಮಸುಕಾದ ಮುಖವನ್ನು ಕ್ಷಣದಲ್ಲಿ ಸ್ಪಷ್ಟಗೊಳಿಸುತ್ತವೆ, ನಿಜ. ಆದರೆ ಚಿತ್ರದಲ್ಲಿಲ್ಲದ ರೆಪ್ಪೆ, ತುಟಿಯಂಚು, ಹಲ್ಲುಗಳನ್ನು ಊಹಿಸಿ ಕೂಡಿಸುತ್ತವೆ. ಗೋಡೆಗೆ ಹಾಕಿದ ಮೇಲೆ ಮಗಳು ‘ನಮ್ಮವ್ವ ಹಿಂಗಿದ್ದಿಲ್ಲ’ ಎಂದರೆ ಆ ಸ್ಪಷ್ಟತೆಯಿಂದ ಏನೂ ಉಪಯೋಗವಿಲ್ಲ. ತುಸು ಮಸುಕಾಗಿದ್ದರೂ ಅವಳದೇ ಮುಖವಿರುವ ಚಿತ್ರವೇ ಮೇಲು. ಹಣೆಯ ವಿಭೂತಿ, ಕುಂಕುಮ ಹೇಗಿರಬೇಕೆಂದು ಮನೆಯವರನ್ನು ಕೇಳಿಯೇ ಕೈಹಾಕಬೇಕು.

ಪಾಸ್‌ಪೋರ್ಟಿನ ಚಿತ್ರಕ್ಕೆ ಯಾವ ತಿದ್ದುಪಡಿಯೂ ಸಲ್ಲದು. ಉಳಿದವನ್ನು ಮುಗಿಸುವ ಮುನ್ನ ಇಡೀ ಮುಖ ಪರದೆಯಲ್ಲಿ ಕಾಣುವಂತೆ ಚಿಕ್ಕದಾಗಿಸಿ, ಟಚ್‌ಅಪ್ ಲೇಯರನ್ನು ಮುಚ್ಚಿ ತೆರೆದು ನೋಡಬೇಕು. ಬದಲಾವಣೆ ಕಣ್ಣಿಗೆ ಹೊಡೆದರೆ ಅದರ ಒಪ್ಯಾಸಿಟಿ ಇಳಿಸಿ, ಪ್ರಿಂಟಿಗೆ ಕಳುಹಿಸಬೇಕು.