ಮೈಯೊಳಗೆ ಕಟ್ಟುವ ಸುಣ್ಣ

ಬ್ಯಾಡಗಿಯಲ್ಲಿ ಮೈ ಕೆರೆತಕ್ಕೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ನನ್ನ ಮಾಮು ಮೂವತ್ತು ವರ್ಷ ಅಲ್ಲಿನ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು. ಡಯಾಲಿಸಿಸ್ ಶುರುವಾಗಿ ಆರು ವರ್ಷಗಳಾದ ಮೇಲೆ ಮೈ ಕೆರೆಯತೊಡಗಿದಾಗ, "ಆ ಧೂಳು ಇನ್ನೂ ಬಿಟ್ಟಿಲ್ಲ ಬೇಟಾ" ಎಂದು ನಕ್ಕರು. ಭುಜದ ಹತ್ತಿರ ಅಡಿಕೆಯಂಥ ಗಟ್ಟಿ ಗಂಟು ಕಾಣಿಸಿಕೊಂಡಾಗ ನಗು ನಿಂತಿತು. ಹಾವೇರಿಯಲ್ಲಿ ಕೈಯ ಎಕ್ಸ್‌ರೇ ತೆಗೆದರು. ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣದ ರಕ್ತನಾಳಗಳು ಬಿಳಿ ಗೆರೆಗಳಾಗಿ ಕಂಡವು. ಅದು ಸುಣ್ಣ.

ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದ ರಂಜಕವನ್ನು ಹೊರಹಾಕುತ್ತದೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ನಡೆಯುವ ಡಯಾಲಿಸಿಸ್ ಅದರ ಒಂದು ಭಾಗವನ್ನಷ್ಟೇ ತೆಗೆಯಬಲ್ಲದು. ಉಳಿದದ್ದು ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳ, ಹೃದಯದ ಕವಾಟ, ಕೀಲುಗಳ ಸುತ್ತ ಕೂರುತ್ತದೆ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳಿ ಮೂಳೆಯ ಸುಣ್ಣವನ್ನೂ ಸೆಳೆಯುತ್ತವೆ. ಗಟ್ಟಿ ಇರಬೇಕಾದ ಮೂಳೆ ಸೊರಗುತ್ತದೆ, ಮೆತ್ತಗಿರಬೇಕಾದ ನಾಳ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಂತೆ ಗಡುಸಾಗುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಳ್ಳುವುದು ಹೃದಯದ ಕಾಯಿಲೆಯೇ.

2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಡವರಿಗೆ ಉಚಿತ ಸೇವೆ ದೊರೆಯಿತು. ಆದರೆ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವ ಮಾತ್ರೆಯನ್ನು ಮಾಮು ಹೊರಗೆ ಕೊಳ್ಳುತ್ತಿದ್ದರು. ದುಡ್ಡು ಉಳಿಸಲು ಮೂರು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತಿಗೆ ಇಳಿಸಿದ್ದರು, ಅದನ್ನೂ ಬರಿ ಹೊಟ್ಟೆಯಲ್ಲಿ. ಅನ್ನದ ಜೊತೆ ನುಂಗದಿದ್ದರೆ ಆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದವರಿರಲಿಲ್ಲ.

ಇನ್ನು ನಮ್ಮ ಪ್ರೀತಿಯ ಕಥೆ. ರಮಝಾನ್‌ನಲ್ಲಿ ಮಾಮು ರೋಜಾ ಇಡದಿದ್ದರೆ ಯಾರೂ ಪ್ರಶ್ನಿಸುವುದಿಲ್ಲ. ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿ ಎಲ್ಲರಿಗೂ ಗೊತ್ತು. ಆದರೆ ಇಫ್ತಾರ್ ಹೊತ್ತಿಗೆ ಅದೇ ಜನ ಪಾಯಾ ಬಟ್ಟಲನ್ನು ಮುಂದೆ ತಳ್ಳುತ್ತಾರೆ. ಈದ್ ದಿನ ಹಾಲು, ಖರ್ಜೂರ, ಬಾದಾಮಿ ಹಾಕಿದ ಶೀರ್ ಖುರ್ಮಾ. ರಾಣೇಬೆನ್ನೂರಿನ ಮದುವೆಯೊಂದರಲ್ಲಿ ಬೇಡವೆಂದರೂ ತಟ್ಟೆಗೆ ಕಲೀಜಾ, ಕೈಗೆ ಕೋಲಾ. ಹಾಲು, ಕಲೀಜಾ, ಬಾದಾಮಿ ಎಲ್ಲದರಲ್ಲೂ ರಂಜಕ ಧಾರಾಳ. ಕೋಲಾ ಮತ್ತು ಪ್ಯಾಕೆಟ್ ತಿಂಡಿಗಳಿಗೆ ಬೆರೆಸಿದ ರಂಜಕವಂತೂ ಬಹುಪಾಲು ರಕ್ತಕ್ಕೇ ಸೇರುತ್ತದೆ. ಬೇಳೆಕಾಳುಗಳದ್ದು ಅಷ್ಟು ಸುಲಭವಾಗಿ ಸೇರದು.

ಈಗ ಮಾಮಿ ಮಾತ್ರೆಯ ಡಬ್ಬಿಯನ್ನು ಉಪ್ಪಿನ ಭರಣಿಯ ಪಕ್ಕದಲ್ಲೇ ಇಟ್ಟಿದ್ದಾರೆ, ಮೊದಲ ತುತ್ತಿನ ಜೊತೆ ಮಾತ್ರೆ. ರಂಜಕ, ಕ್ಯಾಲ್ಸಿಯಂ ಪರೀಕ್ಷೆಯ ಚೀಟಿಗಳನ್ನು ಮಗಳು ಜೋಡಿಸಿಡುತ್ತಾಳೆ. ಕೂತ ಸುಣ್ಣ ಕರಗುವುದು ಕಷ್ಟ, ಹೊಸದು ಕೂರದಂತೆ ನೋಡಿಕೊಳ್ಳಬಹುದು ಎಂದಿದ್ದಾರೆ ವೈದ್ಯರು. ಅದಕ್ಕೆ ಮನೆಯವರಷ್ಟೇ ಸಾಲದು. ಕಾಯಿಲೆಯವರು "ಸಾಕು" ಎಂದಾಗ ಸೌಟನ್ನು ಹಿಂದಕ್ಕೆ ತೆಗೆಯುವುದನ್ನು ನೆಂಟರೂ ನೆರೆಯವರೂ ಕಲಿಯಬೇಕು.